ಅವ್ವನ ಕೌದಿಯ ಗಲೀಫ

ಬಳ್ಳಾರಿಯ ಕಣ್ಣಾಸ್ಪತ್ರೆಯ ವರಾಂಡದಲ್ಲಿ ನಿಂತು ಸುಂಕಪ್ಪ ತನ್ನ ಅಕ್ಕನ ಮೇಲೆ ಕೂಗಾಡಿದ್ದು ಹೊರಗಿನ ಚಹದಂಗಡಿಯವನಿಗೂ ಕೇಳಿಸಿತು. ಔಷಧಿ ಬಿಡಿಸಿಕೊಂಡು ರೆಪ್ಪೆ ಮುಚ್ಚಿ ಸಾಲಾಗಿ ಕೂತಿದ್ದ ಮುದುಕರು, ಕಣ್ಣು ತೆರೆಯಬಾರದು ಅಂತ ನರ್ಸು ಹೇಳಿ ಹೋಗಿದ್ದರೂ, ಒಂದೊಂದು ಕಣ್ಣು ತೆರೆದು ನೋಡಿದರು.

“ಆ ಕೌದಿನ ಕಾಲುವಿಗೆ ಬಿಸಾಕಿ ಬಾ. ಅಲ್ಲೀತನಕ ನನ್ನ ಮನಿ ಮೆಟ್ಟಲ ಹತ್ತಬ್ಯಾಡ!”

“ಹತ್ತಂಗಿಲ್ಲ ಬಿಡು. ನಿನ್ನ ಮನಿ ಮೆಟ್ಟಲ ಕಾಣಾಕ ನನಗ ಕಣ್ಣರ ಎಲ್ಲದಾವು?” ಅಂದಳು ಹೊನ್ನೂರಮ್ಮ. ಕೌದಿಯನ್ನು ಹೆಗಲಿಗೇರಿಸಿ, ಗೋಡೆ ತಡವುತ್ತಾ ಬಾಗಿಲ ಕಡೆ ಹೊರಟೇಬಿಟ್ಟಳು.

ಸುಂಕಪ್ಪನ ಹೆಂಡತಿ ಸುಮಂಗಲಾ ಓಡಿಹೋಗಿ ನಾದಿನಿಯ ಕೈ ಹಿಡಿದುಕೊಂಡಳು. ಹಿಡಿದದ್ದಕ್ಕೆ ಬೈಸಿಕೊಂಡಳು, ಆದರೂ ಬಿಡಲಿಲ್ಲ. ಸಿರುಗುಪ್ಪದ ಬಸ್ಸಿಗೆ ಕೂರಿಸಿ, ಅಲ್ಲಿ ಇಳಿಸಿಕೊಂಡು ಊರಿಗೆ ಕರೆದೊಯ್ಯಲು ಹಚ್ಚೊಳ್ಳಿಯ ಪಕ್ಕದ ಮನೆಯ ವಿರೂಪಮ್ಮನಿಗೆ ಫೋನು ಮಾಡಿ ಬಂದಳು. ಅಷ್ಟು ಹೊತ್ತೂ ಸುಂಕಪ್ಪ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತು ಬೀಡಿ ಸೇದುತ್ತಿದ್ದ. ಸಿಟ್ಟು ಅವನಿಗೆ ಮೂಗಿನ ತುದಿಯಲ್ಲಲ್ಲ, ಮೂಗಿಗಿಂತ ಒಂದು ಗೇಣು ಮುಂದೆಯೇ ಇರುತ್ತಿತ್ತು. ಅವನು ಬರುವ ಮೊದಲು ಅದು ಬರುತ್ತಿತ್ತು.

ವಿಷಯ ಇಷ್ಟೇ. ಹೊನ್ನೂರಮ್ಮನ ಎಡಗಣ್ಣು ಚಿಕ್ಕಂದಿನಲ್ಲೇ ಭತ್ತದ ಗರಿ ಚುಚ್ಚಿ ಹೋಗಿತ್ತು. ಉಳಿದ ಬಲಗಣ್ಣಿಗೆ ಈಗ ಪೊರೆ ಬಂದಿತ್ತು. ಹಾಗಂತ ಅವಳು ಮೂಲೆ ಹಿಡಿದು ಕೂತ ಮುದುಕಿಯಲ್ಲ. ಹಚ್ಚೊಳ್ಳಿಯಲ್ಲಿ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವಳೇ ಮೇಸ್ತ್ರಿ. ಯಾರ ಗದ್ದೆಗೆ ಎಷ್ಟು ಜನ, ಯಾವ ಟ್ರ್ಯಾಕ್ಟರಿನಲ್ಲಿ ಹೋಗುವುದು, ಸಾಲು ಸೊಟ್ಟ ಹಿಡಿದವಳು ಯಾರು, ಎಲ್ಲಾ ಅವಳ ಬಾಯಲ್ಲೇ ನಡೆಯಬೇಕು. ಕಳೆದ ನಾಟಿಯಲ್ಲಿ ಅವಳೇ ಸಾಲು ಬಿಟ್ಟು ಬದುವಿನ ಮೇಲೆ ಸಸಿ ಊರಿದ್ದಳು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದು ಅವಳಿಗೆ ಕಾಣಲಿಲ್ಲ, ಆದರೆ ಕೇಳಿಸಿತು. ಅವತ್ತೇ ತಮ್ಮನಿಗೆ ಫೋನು ಮಾಡಿ, “ಕಣ್ಣು ಮಾಡಸಪಾ. ಸಂಕ್ರಾಂತಿ ನಾಟಿಗೆ ನಾನು ಗದ್ಯಾಗ ನಿಂದರಬೇಕು” ಅಂದಿದ್ದಳು.

ಮೊದಲು ಊರ ಹತ್ತಿರದ ಕಣ್ಣಿನ ಶಿಬಿರಕ್ಕೆ ಹೋದಳು. ಅಲ್ಲಿ ಆಸ್ಪತ್ರೆಯ ಹೊದಿಕೆ ಕೊಟ್ಟು ರಾತ್ರಿ ಮಲಗಿಸಿದರು. ತನ್ನ ಕೌದಿಯಿಲ್ಲದೆ ಅವಳಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಬಿಪಿ ನೋಡಿದ ಡಾಕ್ಟರು ಹೌಹಾರಿ ವಾಪಸು ಕಳಿಸಿದರು. ಅದಕ್ಕೇ ಬಳ್ಳಾರಿಗೆ ಬರುವಾಗ ಕೌದಿ ಹೊತ್ತುಕೊಂಡೇ ಬಂದಳು. ಇಲ್ಲಿ ಡಾಕ್ಟರು ಕಣ್ಣು ಅಗಲಿಸಿ ನೋಡಿದರೆ ರೆಪ್ಪೆಯ ಬುಡದಲ್ಲಿ ಕೀವು. ಚೈತ್ರಾ ಎಂಬ ನರ್ಸು ಕೌದಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿದಳು. ಎಣ್ಣೆ, ಬೆವರು, ನಶ್ಯ ಎಲ್ಲಾ ಕೂಡಿ ಆ ಅಂಚು ಹಳೆಯ ಚಪ್ಪಲಿಯ ಅಟ್ಟೆಯಂತೆ ಮಿಂಚುತ್ತಿತ್ತು.

“ಅಜ್ಜಿ, ಇದನ್ನ ಮುಖದ ತನಕ ಹೊದ್ಕೊಂಡು ಮಲಗ್ತೀರೇನು?”

“ಮತ್ತ? ಕಾಲಿಗೆ ಹೊದ್ಕೊಂಡು ಮುಖ ಬಯಲಿಗೆ ಬಿಡ್ಲೇನು?”

“ಇರೋದು ಒಂದೇ ಕಣ್ಣು ಅಜ್ಜಿ. ಅದಕ್ಕೆ ಸೋಂಕು ತಗುಲಿದರೆ ದೇವರಿಗೂ ಏನೂ ಮಾಡಕ್ಕಾಗಲ್ಲ. ಮೊದಲು ಡ್ರಾಪ್ಸ್ ಹಾಕಿ ರೆಪ್ಪೆ ವಾಸಿ ಮಾಡ್ಕೊಂಡು ಬರ್ರಿ. ಮುಖಕ್ಕೆ ತಾಗೋ ಬಟ್ಟೆ ದಿನಾ ಒಗೆದದ್ದಿರಬೇಕು. ಈ ಕೌದಿ ಒಳಗ ಬರಂಗಿಲ್ಲ.”

ಒಗೆಯೋಣವೆಂದರೆ ಅದು ಒಗೆಯುವ ಕೌದಿಯಲ್ಲ. ದಸರೆಯ ಮುಂಚೆ ಊರಿನವರೆಲ್ಲ ಮನೆಯ ಹಾಸಿಗೆ ಹೊದಿಕೆ ಗಾಡಿಗೆ ಹೇರಿ ಕಾಲುವೆಗೆ ಹೋಗುತ್ತಾರಲ್ಲ, ಹಾಗೆ ಒಂದು ವರ್ಷ ಹೊನ್ನೂರಮ್ಮ ಅದನ್ನು ನೀರಿಗೆ ಹಾಕಿದಾಗ ಕಾಲ ಕಡೆಯ ಒಂದು ಮೂಲೆಯೇ ಕರಗಿ ಹೋಗಿತ್ತು. ಅವತ್ತಿನಿಂದ ಬಿಸಿಲಿಗೆ ಹಾಕುವುದೊಂದೇ. ಅವರ ಅವ್ವ ಹೊಲಿದ ಕೌದಿ ಅದು. ಹೊಲಿದ ವರ್ಷವೇ ಅವ್ವ ತೀರಿಕೊಂಡಳು. ಸುಂಕಪ್ಪ ಆಗಿನ್ನೂ ಅಂಬೆಗಾಲಿಡುವ ಕೂಸು. ಮೈನೆರೆದ ಹುಡುಗಿ ಹೊನ್ನೂರಮ್ಮ ತಮ್ಮನನ್ನು ಆ ಕೌದಿಯೊಳಗೇ ಎದೆಗವಚಿಕೊಂಡು ಬೆಳೆಸಿದಳು. ಈಗ ಅದೇ ತಮ್ಮ ಅದನ್ನು ಕಾಲುವೆಗೆ ಬಿಸಾಕು ಅಂದಿದ್ದ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಅಂತಾರೆ. ಸಂಜೆ ಊಟಕ್ಕೆ ಕೂತಾಗ ಸುಂಕಪ್ಪ ರೊಟ್ಟಿ ಮುರಿಯುತ್ತಲೇ ಮತ್ತೆ ಶುರುಮಾಡಿದ.

“ಒಂದು ಕೌದಿ ಸಲುವಾಗಿ ಕಣ್ಣು ಕಳಕೋತಾಳೇನು ಈಕಿ? ಹೊಸಾ ರಗ್ಗು ತಂದ್ಕೊಡ್ತೀನಿ ಅಂದ್ರ ಬ್ಯಾಡ. ಇಂಥಾ ಹಠಮಾರಿ ಭೂಮಿ ಮ್ಯಾಲೆ ಇಲ್ಲ!”

“ಇದ್ದಾರ. ಎದುರಿಗೇ ಕುಂತು ರೊಟ್ಟಿ ತಿನ್ನಾಕತ್ಯಾರ,” ಅಂದಳು ಸುಮಂಗಲಾ.

“ಬಾಯಿ ಮುಚ್ಚು.”

“ಮುಚ್ಚತೀನಿ. ಒಂದು ಮಾತು ಹೇಳಿ ಮುಚ್ಚತೀನಿ. ನಮ್ಮ ಕುರುಗೋಡಿನ ಚಿದಾನಂದಪ್ಪ ಕಾಕಾನ ಮಗನ ಮದುವಿಗೆ ದೊಡ್ಡ ಬಸ್ಸಿನ್ಯಾಗ ಹೋಗಿದ್ವಲ್ಲ? ಸೀಟಿಗೆ ತಲಿ ತಾಗೋ ಜಾಗಕ್ಕ ಬಿಳಿ ಬಟ್ಟಿ ಹಾಕಿರ್ತಾರ ನೋಡ್ರಿ. ಎಣ್ಣಿ ಜಿಡ್ಡು ಅದಕ್ಕ ಆಗತೈತಿ. ಅದನ್ನಷ್ಟ ಕಳಚಿ ಒಗೀತಾರ. ಸೀಟು ಕಿತ್ತು ಯಾರರ ಹೊಳಿಗೆ ಒಯ್ತಾರೇನು?”

ಸುಂಕಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡುತ್ತಾ ಕೂತ. ಆಮೇಲೆ ತಾನೇ ಕಂಡುಹಿಡಿದವನಂತೆ ಗಂಭೀರವಾಗಿ ಹೇಳಿದ: “ತಲಿದಿಂಬಿಗೆ ಹಾಕ್ತಾರಲ್ಲ, ಹಂಗ ಕೌದಿಗೆ ಒಂದು ಗಲೀಫ ಹೊಲದ್ರ ಹೆಂಗ? ಪೂರಾ ಕೌದಿಗೆ ಅಲ್ಲ. ತಲಿಕಡಿ ಅಂಚಿಗೆ ಅಷ್ಟ.”

“ಅಯ್ಯ, ಎಂಥಾ ತಲಿ ರೀ ನಿಮ್ಮದು!” ಅಂದು ಸುಮಂಗಲಾ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಸುಂಕಪ್ಪ ಜೀನ್ಸ್ ಪ್ಯಾಂಟು ಹೊಲಿಯುವವನು. ಹೊಲಿಯುವವನು ಅಂದರೆ ಪೂರಾ ಪ್ಯಾಂಟಲ್ಲ. ಬಳ್ಳಾರಿಯ ಶೆಡ್ಡುಗಳಲ್ಲಿ ಪ್ಯಾಂಟನ್ನು ಒಬ್ಬನೇ ಹೊಲಿಯುವುದಿಲ್ಲ. ಜೇಬಿನವನು ಬೇರೆ, ಕಾಲಿನವನು ಬೇರೆ, ಜಿಪ್ಪಿನವನು ಬೇರೆ. ಸುಂಕಪ್ಪನದು ಬೆಲ್ಟು, ಅಂದರೆ ಸೊಂಟದ ಪಟ್ಟಿ ಕೂರಿಸುವ ಕೆಲಸ. ಅವನ ಕೈಯಿಂದ ದಾಟಿದ ಮಾಲಿಗೆ ಗುಂಡಿ ಬೀಳುತ್ತದೆ, ಆಮೇಲೆ ಗಂಟು ಕಟ್ಟಿ ಟೆಂಪೋದಲ್ಲಿ ಹೇರಿ ಊರಾಚೆಯ ವಾಷಿಂಗ್ ಘಟಕಕ್ಕೆ ಕಳಿಸುತ್ತಾರೆ. ಅಲ್ಲಿ ಏನು ಮಾಡುತ್ತಾರೋ ಇವನು ಒಂದು ದಿನವೂ ನೋಡಿದವನಲ್ಲ. ನೋಡುವ ಅಗತ್ಯವೂ ಬಿದ್ದಿರಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಕಟಿಂಗ್ ಮೇಜಿನ ಕೆಳಗಿನಿಂದ ಉದ್ದನೆಯ ಒಂದು ಜೀನ್ಸ್ ತುಂಡು ಎಳೆದುಕೊಂಡ. ಗಟ್ಟಿ ಬಟ್ಟೆ, ಹೊಚ್ಚ ಹೊಸದು. ಅದನ್ನು ಉದ್ದುದ್ದ ಮಡಚಿ, ಎರಡೂ ತುದಿ ಮುಚ್ಚಿ, ಒಂದು ಉದ್ದದ ಬಾಯಿ ತೆರೆದಿಟ್ಟ. ಕೌದಿಯ ಅಂಚನ್ನು ಆ ಬಾಯೊಳಗೆ ತೂರಿಸಿದರೆ ಮುಗಿಯಿತು. ಅಂದಕ್ಕಿರಲಿ ಅಂತ ಹಳದಿ ದಾರದಲ್ಲಿ ಜೋಡಿ ಹೊಲಿಗೆ ಬೇರೆ ಹಾಕಿದ. ಅಳತೆ ಕೇಳಲಿಲ್ಲ. ಯಾಕೆ ಕೇಳಬೇಕು? ಅದರ ಕೆಳಗೇ ಬೆಳೆದವನು.

ಶೆಡ್ಡಿನ ಮಾಲೀಕ ಹಂಪೇಶ್ ಬಂದು ನೋಡಿ, “ಏನ್ ಸುಂಕಣ್ಣ, ಆನಿಗೆ ಪ್ಯಾಂಟು ಹೊಲಿಯಾಕತ್ತೀಯೇನು?” ಅಂದ.

“ನಮ್ಮಕ್ಕನ ಕೌದಿಗೆ ಬೆಲ್ಟು.”

“ನಿಮ್ಮಕ್ಕಗ ಲೂಪು ಬ್ಯಾಡೇನು? ಬಕಲ್ಲು ಹಾಕ್ಕೊಳ್ಳಾಕ?”

“ನೀನು ಮಾಲೀಕ ಅದೀ ಅಂತ ಸುಮ್ನದೀನಿ,” ಅಂದ ಸುಂಕಪ್ಪ. ಶೆಡ್ಡೆಲ್ಲಾ ನಕ್ಕಿತು. ಅವನಿಗೂ ಒಳಗೊಳಗೆ ನಗು ಬಂತು, ಹೊರಗೆ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಹಚ್ಚೊಳ್ಳಿಗೆ ಹೋದ. ಹೊನ್ನೂರಮ್ಮ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೆಜ್ಜೆ ಸಪ್ಪಳದಲ್ಲೇ ಗುರುತು ಹಿಡಿದಳು.

“ಯಾರದು? ನನಗ ತಮ್ಮ ಇಲ್ಲ.”

“ತಮ್ಮ ಅಲ್ಲಬೇ. ಕೌದಿ ಡಾಕ್ಟರು ಬಂದಾನ.”

ಅವಳಿಗೆ ನಗು ತಡೆಯಲಾಗಲಿಲ್ಲ. ಒಳಗೆ ಕರೆದಳು, ಚಹ ಕಾಸಿದಳು. ಗಲೀಫವನ್ನು ಕೈಯಲ್ಲಿ ತಡವಿ ನೋಡಿದಳು. “ಇದೇನಲೇ, ಎತ್ತಿನ ಬೆನ್ನಿಗೆ ಹೊದಿಸೋ ಜೂಲು ಇದ್ದಂಗೈತಿ” ಅಂದಳು. ಆದರೂ ತಮ್ಮ ಇಷ್ಟು ದೂರ ಹೊತ್ತು ತಂದದ್ದು ಅಂತ ಅವತ್ತು ರಾತ್ರಿ ಅದನ್ನೇ ಹಾಕಿಕೊಂಡು ಮಲಗಿದಳು. ಸುಂಕಪ್ಪ ಹೊರಗೆ ಕಟ್ಟೆಯ ಮೇಲೆ ಮಲಗಿದ.

ಬೆಳಕು ಹರಿಯುವ ಹೊತ್ತಿಗೆ ಒಳಗೆ ಹೋಗಿ ನೋಡಿದರೆ ಅಕ್ಕ ಎದ್ದು ನೀರಿಗೆ ಹೋಗಿದ್ದಳು. ಗಲೀಫ ಕೌದಿಯಿಂದ ಜಾರಿ ಕಾಲ ಕಡೆ ಬಿದ್ದಿತ್ತು. ಎತ್ತಿ ಹಿಡಿದು ನೋಡಿದ. ಗಲೀಫ ಒಂದು ಮೊಳ ದೊಡ್ಡದಾಗಿತ್ತು. ಕೂಸಾಗಿದ್ದಾಗ ಕೊನೆಯೇ ಇಲ್ಲದಂತೆ ಕಾಣುತ್ತಿದ್ದ ಕೌದಿ, ಈಗ ನೋಡಿದರೆ ಇಷ್ಟೇ ಇಷ್ಟು. ಅದಕ್ಕೇನು ಮಹಾ, ಅಂದುಕೊಂಡ. ಅವನ ಅಂಗಿ ಜೇಬಿನಲ್ಲಿ ಯಾವಾಗಲೂ ಸೂಜಿ ದಾರ ಇರುತ್ತಿತ್ತು. ಗಲೀಫವನ್ನು ಮತ್ತೆ ಏರಿಸಿ, ಅಲ್ಲಲ್ಲಿ ಕೌದಿಗೇ ಸೇರಿಸಿ ಟಾಕು ಹಾಕಿದ.

ಆಗಲೇ ಹೊರಗೆ ವಿರೂಪಮ್ಮ ಕಿಟಾರನೆ ಕಿರುಚಿ, ಆಮೇಲೆ ಕೊಡ ಇಳಿಸಿ ಬಿದ್ದು ಬಿದ್ದು ನಗತೊಡಗಿದಳು.

“ಹೊನ್ನೂರಕ್ಕಾ! ಏನಬೇ ಇದು, ರಾತ್ರೋರಾತ್ರಿ ಗಡ್ಡ ಬಂದೈತಲ್ಲ ನಿನಗ! ನೀಲಿ ಗಡ್ಡ!”

ಸುಂಕಪ್ಪ ಓಡಿ ಬಂದ. ಅಕ್ಕನ ಗಲ್ಲ, ತುಟಿಯ ಕೆಳಗೆ, ಕಿವಿಯ ತನಕ ನೀಲಿ. ಓಣಿಯ ಹೆಂಗಸರೆಲ್ಲ ನಲ್ಲಿಯ ಹತ್ತಿರ ಸೇರಿದ್ದರು. ಅವನು ತನ್ನ ಕೈ ನೋಡಿಕೊಂಡ. ಅದೂ ನೀಲಿ. ಆದರೆ ಅವನ ಕೈ ದಿನವೂ ನೀಲಿಯೇ. ಶೆಡ್ಡಿನಲ್ಲಿ ಎಲ್ಲರ ಕೈಯೂ ನೀಲಿಯೇ. ತೊಳೆಯದ ಜೀನ್ಸು ಬಣ್ಣ ಬಿಡುತ್ತದೆ ಎಂಬುದನ್ನು ವಾಷಿಂಗಿನವನು ನಿದ್ದೆಯಲ್ಲೂ ಹೇಳುತ್ತಿದ್ದ. ಬೆಲ್ಟಿನವನಿಗೆ ಹೊಳೆಯಲಿಲ್ಲ.

“ಕಣ್ಣಿಗೆ ತಾಗಿದ್ರ ಏನ್ ಗತಿ ಆಕ್ಕಿತ್ತಲೇ?” ಅಂದಳು ಹೊನ್ನೂರಮ್ಮ, ಆದರೆ ಸಿಟ್ಟಿಲ್ಲದೆ. ಗಲ್ಲ ಉಜ್ಜಿಕೊಳ್ಳುತ್ತಾ ತಾನೂ ನಗುತ್ತಿದ್ದಳು. “ಬಾಬಾಸಾಹೇಬರ ನಿಶಾನಿ ಬಣ್ಣ ಹಚ್ಚಾನ ನೋಡ್ರವ್ವ ನನ್ನ ತಮ್ಮ. ಇನ್ನು ಎಲೆಕ್ಷನ್‌ಗೆ ನಿಂದರೋದೊಂದು ಬಾಕಿ!”

ನಗುತ್ತಲೇ ಒಳಗೆ ಬಂದು ಕೌದಿ ಮಡಚಲು ಕೂತಳು. ಅಂಚಿನ ಮೇಲೆ ಓಡುತ್ತಿದ್ದ ಬೆರಳು ಒಂದು ಕಡೆ ನಿಂತಿತು. ಮತ್ತೆ ಮುಂದೆ ಹೋಗಿ ಮತ್ತೊಂದು ಕಡೆ ನಿಂತಿತು.

“ಇದೇನು?”

“ಜಾರತಿತ್ತು. ಟಾಕು ಹಾಕೀನಿ.”

ಅವಳ ಮುಖದ ನಗು ಎಲ್ಲಿ ಹೋಯಿತೋ. “ಅವ್ವನ ಕೌದಿಗೆ ಸೂಜಿ ಹಾಕಿದ್ಯೇನು?”

ಆ ಸೀಮೆಯಲ್ಲಿ ಕೌದಿ ಹೊಲಿಯುವ ಹೆಂಗಸು ಕೊನೆಯ ಮೂಲೆಯನ್ನು ಸುಮ್ಮನೆ ಮುಚ್ಚುವುದಿಲ್ಲ. ಒಂದು ಬೆರಳಿನಷ್ಟು ಬಾಯಿ ಬಿಟ್ಟು, ಅದರೊಳಗೆ ಒಂದು ಚೂರು ರೊಟ್ಟಿ, ಚಿಟಿಕೆ ಅರಿಶಿನ ಇಟ್ಟು ಹೊಲಿಯುತ್ತಾಳೆ. ಕೌದಿಯ ಹೊಟ್ಟೆ ತುಂಬಿಸುವುದು ಅಂತಾರೆ ಅದಕ್ಕೆ. ಹಸಿದ ಕೌದಿ ಹೊದ್ದವರಿಗೆ ಬೆಚ್ಚಗಿರುವುದಿಲ್ಲವಂತೆ. ಹೊಟ್ಟೆ ತುಂಬಿದ ಮೇಲೆ, ಹೊಲಿದವಳ ಸೂಜಿ ಬಿಟ್ಟರೆ ಬೇರೆ ಯಾರ ಸೂಜಿಯೂ ಅದನ್ನು ತಾಗಬಾರದು. ಮೂಲೆ ಕರಗಿ ಹೋದಾಗಲೂ ಹೊನ್ನೂರಮ್ಮ ಒಂದು ತೇಪೆ ಹಾಕಿರಲಿಲ್ಲ. ತನ್ನ ಕೈಯ ಸೂಜಿಯನ್ನೂ ದೂರವಿಟ್ಟಿದ್ದಳು.

“ಒಂದು ದಾರಬೇ! ಎಳದ್ರ ಬರತೈತಿ! ಇಷ್ಟಕ್ಕ ಯಾಕ ಹಿಂಗ ಮಾಡತೀ?” ಸುಂಕಪ್ಪ ದನಿ ಏರಿಸಿದ.

ಅವಳು ಏರಿಸಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. “ಎಳಿ ಹಂಗಾದ್ರ. ನನ್ನ ಮುಂದ ಎಳಿ.”

ಅವನು ಕೂತು ಒಂದೊಂದೇ ಟಾಕು ಬಿಚ್ಚಿದ. ಮುಪ್ಪಾದ ಬಟ್ಟೆ, ಎಷ್ಟು ಹಗುರ ಎಳೆದರೂ ಪ್ರತಿ ಟಾಕಿಗೂ ಒಂದು ತೂತು ಉಳಿಯಿತು. ಅವಳು ಬೆರಳಿಟ್ಟು ಒಂದೊಂದು ತೂತನ್ನೂ ಮುಟ್ಟಿ ನೋಡಿದಳು. ಆಮೇಲೆ ಗಲೀಫವನ್ನು ಅವನ ಕಡೆ ತಳ್ಳಿದಳು.

“ಸುಂಕಾ, ಇಷ್ಟು ವರ್ಷಕ್ಕ ಅವ್ವನ ಮುಖ ನನ್ನ ನೆಪ್ಪಿನ್ಯಾಗ ಅಳಿಸಿ ಹೋಗೈತಿ. ಬೆರಳು ಇಟ್ರ ಆಕಿ ಹೊಲಿಗಿ ಸಿಗತೈತಿ. ಅಷ್ಟ ನನಗ ಇರೋದು. ಕಣ್ಣು ಬರಲಿಲ್ಲ ಅಂದ್ರ ಮುಂದ ಇದೊಂದ ಉಳಿಯೋದು. ಅದರ ಮ್ಯಾಲೆ ನಿನ್ನ ಹೊಲಿಗಿ ಬ್ಯಾಡ. ಆಪರೇಷನ್ನೂ ಬ್ಯಾಡ. ಹೋಗು, ಬಸ್ಸು ಬರೋ ಹೊತ್ತಾತು.”

ಬಸ್ಸಿನಲ್ಲಿ ಸುಂಕಪ್ಪ ಕಿಟಕಿಗೆ ತಲೆ ಕೊಟ್ಟು ಕೂತ. ಟಿಕೆಟ್ಟು ಕೇಳಿದ ಕಂಡಕ್ಟರನ ಜೊತೆಗೂ ಜಗಳವಾಡಲಿಲ್ಲ. ಅವನ ಜೀವಮಾನದಲ್ಲೇ ಅದು ಅಪರೂಪ. ಅಕ್ಕ ಹೇಳಿದ್ದರಲ್ಲಿ ಅವನಿಗೆ ಹೆಚ್ಚು ಚುಚ್ಚಿದ್ದು ಬೇರೆ ಮಾತು. ಕಣ್ಣು ಹೋಗುತ್ತದೆ ಅಂತ ಅವಳು ಆಗಲೇ ಲೆಕ್ಕ ಹಾಕಿ ಕೂತಿದ್ದಳು. ಹಠದಿಂದಲ್ಲ; ಹೆದರಿ. ಎದುರಿಗೆ ಕೂಗಾಡುವ ಹೆಂಗಸು ಹೆದರಿರುತ್ತಾಳೆ ಅಂತ ಅವನು ಒಂದು ದಿನವೂ ಯೋಚಿಸಿರಲಿಲ್ಲ.

ಮನೆಯಲ್ಲಿ ಎಲ್ಲಾ ಹೇಳಿದ. ಸುಮಂಗಲಾ ತಲೆ ಚಚ್ಚಿಕೊಂಡಳು.

“ಸೂಜಿ ಹಾಕಬಾರದು ಅಂತ ನಿಮಗ ಗೊತ್ತಿರಲಿಲ್ಲೇನ್ರಿ? ನಮ್ಮ ಕುರುಗೋಡಿನ್ಯಾಗ ಸಣ್ಣ ಹುಡುಗ್ರಿಗೂ ಗೊತ್ತು.”

“ಗೊತ್ತಿತ್ತು. ನೆನಪಾಗಲಿಲ್ಲ. ಕೈಗೆ ಸೂಜಿ ಬಂದ್ರ ತಲಿಗೆ ಬ್ಯಾರೆ ಏನೂ ಬರಂಗಿಲ್ಲ ನನಗ.”

“ಹಂಗಾದ್ರ ಸೂಜಿ ಇಲ್ದಂಗ ನಿಂದರೋದು ಹೊಲೀರಿ. ಮತ್ತ ಮೆತ್ತಗಿರಬೇಕು. ಆ ಜೀನ್ಸು ನಾಯಿನೂ ಹೊದಿಯಂಗಿಲ್ಲ.”

ಮೆತ್ತಗಿನ ಬಟ್ಟೆಗೆ ಅವನು ದೂರ ಹೋಗಬೇಕಾಗಿರಲಿಲ್ಲ. ಜೀನ್ಸ್ ಪ್ಯಾಂಟು ಹೊರಗೆಷ್ಟೇ ಒರಟಾಗಿರಲಿ, ಜೇಬಿನೊಳಗೆ ಕೈ ಹಾಕಿದರೆ ಬಿಳಿಯ ನೂಲು ಬಟ್ಟೆ ಸಿಗುತ್ತದೆ. ಆ ಜೇಬಿನ ಬಟ್ಟೆಯ ಥಾನು ಶೆಡ್ಡಿನ ಮೂಲೆಯಲ್ಲೇ ನಿಂತಿತ್ತು. ಇಷ್ಟು ವರ್ಷ ಅದರ ಪಕ್ಕದಲ್ಲೇ ಕೂತು ಬುತ್ತಿ ತಿಂದಿದ್ದ. ಹಂಪೇಶನನ್ನು ಕೇಳಿ ಬೇಕಾದಷ್ಟು ಹರಿದುಕೊಂಡ. ಈ ಸಲ ಮೊದಲು ಮನೆಗೆ ಒಯ್ದು, ಸುಮಂಗಲಾ ಅದನ್ನು ಕುದಿಯುವ ನೀರಲ್ಲಿ ಹಾಕಿ, ಗಂಜಿ ಬಿಡಿಸಿ, ಬಿಸಿಲಿಗೆ ಒಣಗಿಸಿಕೊಟ್ಟ ಮೇಲೆಯೇ, ಹಿಂದಿನದಕ್ಕಿಂತ ಒಂದು ಮೊಳ ಕಡಿಮೆ ಅಳೆದು, ಕತ್ತರಿ ಹಿಡಿದ.

ಜಾರದಂತೆ ನಿಲ್ಲಿಸುವುದು ಹೇಗೆ? ಅದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡ. ಲಾಡಿ ಕಟ್ಟಿದರೆ ಮುದುಕಿ ಕತ್ತಲಲ್ಲಿ ಗಂಟು ಬಿಚ್ಚಲಾರಳು. ಗುಂಡಿ ಹಾಕಿದರೆ ಕೌದಿಗೆ ತೂತು ಕೊರೆದು ಕಾಜಾ ತೆಗೆಯಬೇಕು, ಅದು ಆಗದ ಮಾತು. ಕೊನೆಗೆ ಮಕ್ಕಳ ಪ್ಯಾಂಟಿಗೆ ಬೆಲ್ಟು ಕೂರಿಸುತ್ತಿದ್ದಾಗ ಕೈ ತಾನಾಗಿಯೇ ನಿಂತಿತು. ಹುಡುಗ ಇವತ್ತು ಸಣಕಲು, ನಾಳೆ ಗುಂಡಗೆ. ಆದರೂ ಪ್ಯಾಂಟು ನಿಲ್ಲುತ್ತದೆ. ಯಾಕೆಂದರೆ ಸೊಂಟದಲ್ಲಿ ಎಲಾಸ್ಟಿಕ್ಕು.

ಗಲೀಫದ ಉದ್ದನೆಯ ಬಾಯಿಗೆ, ಎರಡು ತುದಿಗಳ ಹತ್ತಿರ ಮಾತ್ರ, ಎಲಾಸ್ಟಿಕ್ಕು ಕೂರಿಸಿದ. ಕೌದಿಯ ಮೂಲೆಯನ್ನು ಒಳಗೆ ತೂರಿಸಿದರೆ ಅದು ಕಚ್ಚಿ ಹಿಡಿಯಬೇಕು, ಎಳೆದರೆ ಬಿಟ್ಟುಕೊಡಬೇಕು. ಮನೆಯ ದುಪ್ಪಟಿಗೆ ಹಾಕಿ ಪರೀಕ್ಷಿಸಿದ. ಮೊದಲ ಸಲ ಎಲಾಸ್ಟಿಕ್ಕು ಬಿಗಿಯಾಗಿ ದುಪ್ಪಟಿ ಚೀಲದಂತೆ ಮುದುಡಿಕೊಂಡಿತು. ಬಿಚ್ಚಿ ಎಸೆದ. ಕತ್ತರಿಯನ್ನೂ ಎಸೆದ. ಹೆಂಡತಿ ಕತ್ತರಿ ಎತ್ತಿ ತಂದು ಮತ್ತೆ ಕೈಗೆ ಕೊಟ್ಟಳು. ಮತ್ತೆ ಹೊಲಿದ. ಸಾಲದ್ದಕ್ಕೆ ಒಂದಲ್ಲ, ಒಗೆಯಲು ಹಾಕಿದರೆ ಹೊದೆಯಲು ಇರಲಿ ಅಂತ ಒಂದಷ್ಟು ಹೊಲಿದ.

ಹಚ್ಚೊಳ್ಳಿಗೆ ಹೋದಾಗ ಬಾಗಿಲಲ್ಲೇ ವಿರೂಪಮ್ಮ ಎದುರಾದಳು. “ಬಂದೇನಪಾ? ಈ ಸಲ ಯಾವ ಬಣ್ಣ? ಕೆಂಪು ಹಚ್ಚಿ ಹೋಗು, ಬ್ಯಾಸರ ಬಂದೈತಿ ಊರಿಗೆ.”

“ಬಿಳಿದು ತಂದೀನಿ ಬೇ, ಸಾಕಾ?” ಅಂದು ಒಳಗೆ ನಡೆದ.

ಹೊನ್ನೂರಮ್ಮ ಮಾತಾಡಿಸಲಿಲ್ಲ. ರೆಪ್ಪೆಗೆ ಬಿಡುವ ಔಷಧಿಯ ಸೀಸೆ ಗೂಡಿನಲ್ಲಿ ಅರ್ಧ ಖಾಲಿಯಾಗಿ ನಿಂತಿತ್ತು. ಸುಂಕಪ್ಪನ ಜೀವಕ್ಕೆ ಸಮಾಧಾನವಾಯಿತು. ಆಪರೇಷನ್ ಬ್ಯಾಡ ಅಂದವಳು ಔಷಧಿ ಬಿಟ್ಟಿರಲಿಲ್ಲ. ಅವನು ಗಂಟು ಬಿಚ್ಚಿ ಗಲೀಫ ತೆಗೆದು ಅವಳ ಮಡಿಲಲ್ಲಿ ಇಟ್ಟ.

“ಯಕ್ಕಾ, ನಾನು ಕೌದಿ ಮುಟ್ಟಂಗಿಲ್ಲ. ಸೂಜಿನೂ ಮನ್ಯಾಗ ಬಿಟ್ಟು ಬಂದೀನಿ, ಬೇಕಾದ್ರ ಜೇಬು ನೋಡು. ನೀನ ಹಾಕು. ನೀನ ತಗಿ. ಬ್ಯಾಡ ಅನ್ನಿಸ್ತಾ, ಒಲಿಗೆ ಹಾಕು, ನಾನು ಒಂದು ಮಾತೂ ಆಡಂಗಿಲ್ಲ.”

“ನೀನು? ಒಂದು ಮಾತೂ ಆಡಂಗಿಲ್ಲ?”

“ಬಾಯಿ ತೆಗದ್ರ ಕೇಳು.”

ಅವಳು ನಿಜಕ್ಕೂ ಅವನ ಜೇಬು ತಡವಿ ನೋಡಿದಳು. ಆಮೇಲೆ ಗಲೀಫದ ಒಂದು ತುದಿಗೆ ಉಗುಳು ಹಚ್ಚಿ ತನ್ನ ಸೆರಗಿಗೆ ತಿಕ್ಕಿ, ಬಾಗಿಲಲ್ಲಿ ನಿಂತು ಎಲ್ಲಾ ನೋಡುತ್ತಿದ್ದ ವಿರೂಪಮ್ಮನಿಗೆ ತೋರಿಸಿದಳು. “ಬಣ್ಣ ಬಿಟ್ಟೈತೇನವ್ವ?”

“ಇಲ್ಲಕ್ಕ. ಬೆಣ್ಣಿಯಂಗೈತಿ.”

ಹೊನ್ನೂರಮ್ಮ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಒಂದು ಮೂಲೆಯನ್ನು ತೂರಿಸಿದಳು, ಕಚ್ಚಿತು. ಅಂಚನ್ನು ಒಳಗೆ ಸರಿಸುತ್ತಾ ಇನ್ನೊಂದು ಮೂಲೆಗೆ ಹೋದಳು, ಅದೂ ಕಚ್ಚಿತು. ಎದ್ದು ನಿಂತು ಕೌದಿಯನ್ನು ಭತ್ತ ತೂರುವವರಂತೆ ಜಾಡಿಸಿದಳು. ಬೀಳಲಿಲ್ಲ. ಮತ್ತೆ ಕೂತು ಗಲೀಫ ಪೂರಾ ಕಳಚಿ, ಕೌದಿಯ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಅವ್ವನ ಹೊಲಿಗೆ ಎಲ್ಲಿತ್ತೋ ಅಲ್ಲಿತ್ತು. ಹೊಸ ತೂತು ಒಂದೂ ಇರಲಿಲ್ಲ. ಮತ್ತೆ ಹಾಕಿದಳು, ಮತ್ತೆ ಕಳಚಿದಳು. ಸುಂಕಪ್ಪ ಹಲ್ಲು ಕಚ್ಚಿ ಕೂತಿದ್ದ. ಹಾಕಿದ್ದು ಉಲ್ಟಾ ಆಗಿದೆ, ಹೊಲಿಗೆ ಒಳಗೆ ಬರಬೇಕು ಅಂತ ಹೇಳಲು ನಾಲಿಗೆ ತುರಿಸುತ್ತಿತ್ತು.

“ಹೇಳು. ಇಲ್ಲಾಂದ್ರ ಸಾಯ್ತೀ,” ಅಂದಳು ಅವಳು.

“ಉಲ್ಟಾ ಹಾಕೀಬೇ!”

ವಿರೂಪಮ್ಮ ನಕ್ಕಳು. ಹೊನ್ನೂರಮ್ಮ ಸರಿಯಾಗಿ ಹಾಕಿ, ಕೆನ್ನೆಗೆ ಒತ್ತಿ ನೋಡಿಕೊಂಡಳು.

“ಆ ನರ್ಸವ್ವ ಒಪ್ಪಬೇಕಲ್ಲ,” ಅಂದಳು ಕೊನೆಗೆ.

ಬಳ್ಳಾರಿಯ ಆಸ್ಪತ್ರೆಗೆ ಹೋದರೆ ಚೈತ್ರಾ ಸುಮ್ಮನೆ ಒಪ್ಪುವ ಹೆಂಗಸಾಗಿರಲಿಲ್ಲ. ಗಲೀಫ ಕಳಚಿಸಿದಳು, ಹಾಕಿಸಿದಳು, ಒಳಗಿನ ಎಲಾಸ್ಟಿಕ್ಕು ಎಳೆದು ನೋಡಿದಳು. ಡಾಕ್ಟರನ್ನು ಕರೆದು ತೋರಿಸಿದಳು. ರೆಪ್ಪೆಯ ಕೀವು ಪೂರಾ ವಾಸಿಯಾಗಿತ್ತು. “ದಿನಾ ಕುದಿಸಿ ಒಗೆದದ್ದು ಹಾಕಬೇಕು. ಕೌದಿ ದಿನಾ ಬಿಸಿಲಿಗೆ ಬೀಳಬೇಕು. ಎದೆ ತನಕ ಹೊದೀರಿ, ಮುಖದ ಮೇಲೆ ಎಳ್ಕೊಂಡ್ರೆ ನಾನೇ ಬಂದು ಕಿತ್ಕೋತೀನಿ,” ಅಂದಳು.

“ಈ ಹುಡುಗಿ ನಮ್ಮ ಸುಂಕನ್ನ ಮೀರಿಸ್ತಾಳ,” ಅಂದಳು ಹೊನ್ನೂರಮ್ಮ.

ಒಂದೇ ಕಣ್ಣಿನವಳು ಅಂತ ಅವತ್ತು ಅಲ್ಲೇ ಇರಿಸಿಕೊಂಡರು. ಬೆಳಿಗ್ಗೆ ಬಿಪಿ ನೋಡಿದಾಗ ಸುಂಕಪ್ಪ ಬಾಗಿಲಲ್ಲಿ ನಿಂತಿದ್ದ. ಚೈತ್ರಾ ಪಟ್ಟಿ ಸುತ್ತಿ, ಗಾಳಿ ಊದಿ, ಗಾಳಿ ಬಿಟ್ಟು, ಅವನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು. ಹೊನ್ನೂರಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಬಾಗಿಲು ದಾಟುವಾಗ ಅವಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಸುಂಕಪ್ಪ ಹಿಡಿದುಕೊಂಡ.

“ಹೆದರಬ್ಯಾಡಬೇ.”

“ನೀನು ಹೆದರಬ್ಯಾಡ. ಬಾಗಲಾಗ ನಿಂತು ಯಾರಿಗೂ ಬೈಬ್ಯಾಡ,” ಅಂದು ಒಳ ಹೋದಳು.

ಅವನು ಯಾರಿಗೂ ಬೈಯಲಿಲ್ಲ. ಬೀಡಿ ಸೇದಲೂ ಹೊರಗೆ ಹೋಗಲಿಲ್ಲ. ಸುಮಂಗಲಾ ಎರಡು ಸಲ ಚಹ ತಂದಳು, ಎರಡು ಸಲವೂ ಆರಿ ಹೋಯಿತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಕೊನೆಯ ಹತ್ತಿ ತೆಗೆದು, ಕಣ್ಣು ಒರೆಸಿ, “ನಿಧಾನಕ್ಕೆ ತೆಗೀರಿ ಅಜ್ಜಿ” ಅಂದಳು ಚೈತ್ರಾ. ಹೊನ್ನೂರಮ್ಮ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ನೀರು ಸುರಿಯಿತು.

“ಅಯ್ಯ ನಮ್ಮವ್ವ,” ಅಂದಳು ಚೈತ್ರಾಳನ್ನು ನೋಡಿ, “ಇಷ್ಟು ಸಣ್ಣ ಹುಡುಗಿ ಏನು ನೀನು? ದನಿ ಕೇಳಿ ದೊಡ್ಡ ಹೆಂಗಸು ಅಂದ್ಕೊಂಡಿದ್ನಿ.”

ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಂಕಪ್ಪ ಮುಂದೆ ಬರಲಿಲ್ಲ, ಮಂಚದ ಕಾಲ ಕಡೆಯೇ ನಿಂತ. ಹೊನ್ನೂರಮ್ಮ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಏನೋ ಹೇಳುತ್ತಾಳೆ ಅಂತ ಅವನು ಕಾದ. ಅವಳ ನೋಟ ಅವನಿಂದ ಇಳಿದು ತನ್ನ ಎದೆಯ ಮೇಲಿದ್ದ ಬಿಳಿಯ ಅಂಚಿಗೆ ಬಂತು. ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ, ಗದ್ದೆಯ ಸಾಲು ನೋಡುವವಳಂತೆ, ನಿಧಾನವಾಗಿ ನೋಡಿಕೊಂಡು ಹೋದಳು. ಒಂದು ಕಡೆ ನಿಂತಳು.

“ಸುಂಕಾ.”

“ಏನಬೇ?”

“ಇಲ್ಲಿ ಹೊಲಿಗಿ ಸೊಟ್ಟ ಐತಲ್ಲಲೇ.”

ಮೂವತ್ತು ವರ್ಷದಿಂದ ಬಳ್ಳಾರಿಯಲ್ಲಿ ಬೆಲ್ಟು ಕೂರಿಸಿದವನಿಗೆ ಯಾವ ಮಾಲೀಕನೂ ಆಡದ ಮಾತು ಅದು. ಸುಂಕಪ್ಪನ ಮುಖಕ್ಕೆ ರಕ್ತ ನುಗ್ಗಿತು.

“ಸೊಟ್ಟ? ನನ್ನ ಹೊಲಿಗಿ? ಎಲ್ಲೈತಿ, ತೋರಿಸು!”

“ಇಲ್ಲಿ. ನೋಡು, ಕಣ್ಣಿದ್ರ ನೋಡು. ಗೋಧಿಕಾಳಿನಷ್ಟು ಒಳಗ ಹೋಗಿ ಹೊರಗ ಬಂದೈತಿ.”

ಅವನು ಬಗ್ಗಿ ನೋಡಿದ. ಕಾಣಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಅಂಗಿಗೆ ಒರೆಸಿ ಹಾಕಿಕೊಂಡು ನೋಡಿದ. ಇತ್ತು. ಗೋಧಿಕಾಳಿನಷ್ಟೇ. ಬಾಯಿ ತೆರೆದ, ಬಂದದ್ದು ಬೈಗುಳವಲ್ಲ, ಬೇರೆ ಏನೋ ದನಿ. ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಾ ನಿಂತ. ಸುಮಂಗಲಾ ಅವನ ಬೆನ್ನ ಮೇಲೆ ಕೈಯಿಟ್ಟಳು.

“ಅಳಾಕ ಏನಾತಲೇ ಅದಕ್ಕ?” ಅಂದಳು ಹೊನ್ನೂರಮ್ಮ. “ಮನಿಗೆ ಹೋಗಿ ಬಿಚ್ಚಿ ಹೊಲಿ. ನಾನು ಕುಂತು ನೋಡತೀನಿ.”